ಕೊನೆಯ ಚೆಂಡು ದೊಡ್ಡಕ್ಕನದು

ಗೆದ್ದ ತಂಡದ ಗೋಲ್‌ಕೀಪರ್ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಪಂದ್ಯ ಮುಗಿದು ನಮ್ಮ ಹುಡುಗಿಯರು ಎಂದಿನಂತೆ ಮುಖ ಜೋಲುಹಾಕಿಕೊಂಡು ಬೂಟು ಬಿಚ್ಚುತ್ತಿದ್ದರು. ನಾನೂ ಎಂದಿನಂತೆ ಬಯ್ಯುವುದಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಎದುರು ತಂಡದ ಆ ಹುಡುಗಿ ತನ್ನವರ ಕುಣಿದಾಟ ಬಿಟ್ಟು ನೇರ ನನ್ನ ಹತ್ತಿರ ಬಂದಳು. ಕೈಗವಸು ಕಳಚಿ ಕಂಕುಳಿಗೆ ಸಿಕ್ಕಿಸಿಕೊಂಡಿದ್ದಳು. ಕಣ್ಣು ಕೆಂಪಗಾಗಿತ್ತು.

"ಮೇಡಂ, ನಾನು ಒಂದು ಚೆಂಡನ್ನೂ ಹಿಡೀಲಿಲ್ಲ" ಎಂದಳು.

"ಹಿಡಿದಿದ್ದನ್ನ ನಾನೇ ಕಣ್ಣಾರೆ ನೋಡಿದೀನಲ್ಲಮ್ಮ. ಹಿಡಿದೂ ಹಿಡಿದೂ ನಮ್ಮ ಹೊಟ್ಟೆ ಉರಿಸಿದೀಯ."

"ಇಲ್ಲ ಮೇಡಂ. ನಾನು ಆ ಕಡೆ ಹಾರ್ಬೇಕು ಅಂತಿದ್ದೆ. ಯಾರೋ ಹಿಂದಿನಿಂದ ನನ್ನ ಮೊಣಕೈ ಹಿಡ್ಕೊಂಡು ಮುಂದಕ್ಕೆ ಚಾಚಿಸಿದ್ರು. ಊಟಕ್ಕೆ ಮುಂಚೆ ಅಮ್ಮ ಮಗೂಗೆ ಕೈ ತೊಳೆಸ್ತಾಳಲ್ಲ, ಹಾಗೆ. ಚೆಂಡು ಬಂದು ಕೂತ್ಕೊಂಡ್ತು. ಪ್ರತಿ ಸಲಾನೂ."

ನಾನು ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವಳು. "ಗೆದ್ದಿದೀಯ, ಮನೆಗೆ ಹೋಗಿ ಬಿಸಿನೀರು ಸುರ್ಕೊಂಡು ಮಲಕ್ಕೋ" ಎಂದು ಅವಳನ್ನು ಸಾಗಹಾಕಿದೆ. ಆದರೆ ಅವಳು ಎತ್ತಿ ತೋರಿಸಿದ ಮೊಣಕೈ ಕಣ್ಣಿಂದ ಹೋಗಲಿಲ್ಲ. ಅಲ್ಲಿ ಗಾಯವಿರಲಿಲ್ಲ, ಗುರುತೂ ಇರಲಿಲ್ಲ. ಒಣಹುಲ್ಲಿನ ಒಂದೇ ಒಂದು ಎಳೆ ಬೆವರಿಗೆ ಅಂಟಿಕೊಂಡಿತ್ತು. ಅವರ ಮೈದಾನದಲ್ಲಿ ಹುಲ್ಲೇ ಇಲ್ಲ, ಗೋಲುಕಂಬದವರೆಗೂ ಬರೀ ಮಣ್ಣು.

ಒಡಕು ಹುಡುಕುವುದು ನನ್ನ ಕಸುಬು. ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆಯ ಬೆಂಚು ನನ್ನದು. ಹಿಂದಿನಿಂದ ಬೆಳಕು ಬಿಟ್ಟ ಬಿಳಿ ಹಲಗೆಯ ಮುಂದೆ ಬಾಟಲಿಗಳು ಸಾಲಾಗಿ ಹಾದು ಹೋಗುತ್ತವೆ. ಬಿರುಕು, ಗುಳ್ಳೆ, ಸೊಟ್ಟ ಕತ್ತು, ಏನೇ ಕಂಡರೂ ಎತ್ತಿ ಪಕ್ಕದ ತೊಟ್ಟಿಗೆ ಒಗೆಯಬೇಕು. ಇಡೀ ದಿನ ಇದೇ ಕೆಲಸ ಮಾಡಿ ಸಂಜೆ ಮನುಷ್ಯರ ಮುಖ ನೋಡಿದರೂ ನನಗೆ ಮೊದಲು ಕಾಣುವುದು ಬಿರುಕೇ. ಇಂಥವಳನ್ನು ಕಾರ್ಖಾನೆಯ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಕೋಚ್ ಮಾಡಿದ್ದಾರೆ. ಒಂದು ಕಾಲದಲ್ಲಿ ಚೆನ್ನಾಗಿ ಆಡುತ್ತಿದ್ದೆ ಎಂಬುದು ಅವರು ಕೊಟ್ಟ ಕಾರಣ. ಬಾಯಿ ಜೋರು ಎಂಬುದು ನಿಜವಾದ ಕಾರಣ.

ನಮ್ಮ ತಂಡಕ್ಕೆ ಅವಕಾಶಗಳ ಬರವಿರಲಿಲ್ಲ. ಆ ವರ್ಷ ಪ್ರತಿ ಪಂದ್ಯದಲ್ಲೂ ಚೆಂಡನ್ನು ಗೋಲಿನ ಬಾಯಿಯವರೆಗೆ ಅಷ್ಟು ಚಂದವಾಗಿ ಒಯ್ಯುತ್ತಿದ್ದರು, ನೋಡಲು ಬಂದ ಎದುರು ಪಾಳಯದವರೇ ಚಪ್ಪಾಳೆ ತಟ್ಟುತ್ತಿದ್ದರು. ಅಲ್ಲಿಂದ ಮುಂದೆ ಒಂದು ಒದೆ ಬಾಕಿ. ಆ ಒಂದು ಒದೆ ನೇರ ಹೋಗಿ ಕೀಪರ್‌ನ ಎದೆಗೆ ಬೀಳುತ್ತಿತ್ತು. ಎಡಕ್ಕೆ ಅಲ್ಲ, ಬಲಕ್ಕೆ ಅಲ್ಲ, ಕಂಬದ ಮೇಲೂ ಅಲ್ಲ. ಕೊಟ್ಟು ಕಳಿಸಿದ ಹಾಗೆ ಎರಡು ಕೈಗಳ ನಡುವೆ.

ಬಿರುಕು ಎಲ್ಲಿದೆ ಎಂದು ಹುಡುಕಿದೆ. ಮೊದಲು ಅವಸರ ಇರಬೇಕು ಎಂದುಕೊಂಡೆ. ಹೊಡೆಯುವ ಮುಂಚೆ ಒಂದು ಉಸಿರು ತೆಗೆದುಕೊಳ್ಳಲು ಕಲಿಸಿದೆ. ಆರಾಮವಾಗಿ ಉಸಿರು ತೆಗೆದುಕೊಂಡು ಕೀಪರ್‌ನ ಕೈಗೆ ಕೊಟ್ಟರು. ಹೊಡೆಯದ ಕಾಲು ಚೆಂಡಿನ ಪಕ್ಕ ಎಲ್ಲಿ ಊರಬೇಕು, ಪಾದದ ಒಳಮೈ ಯಾವ ಕಡೆ ತಿರುಗಿರಬೇಕು, ಎಲ್ಲವನ್ನೂ ಸುಣ್ಣದಲ್ಲಿ ಗುರುತು ಹಾಕಿ ತೋರಿಸಿದೆ. ಗೋಲಿನ ಮೂಲೆಗಳಿಗೆ ಖಾಲಿ ಕ್ರೇಟುಗಳನ್ನು ಕಟ್ಟಿ, ಅದರೊಳಗೆ ಹಾಕಿ ಎಂದೆ. ಅಭ್ಯಾಸದಲ್ಲಿ ಕ್ರೇಟುಗಳು ಪುಡಿಯಾದವು, ಸಾಮಾನು ಕೋಣೆಯವನು ನನ್ನೊಂದಿಗೆ ಮಾತು ಬಿಟ್ಟ. ಪಂದ್ಯದ ದಿನ ಮತ್ತದೇ ಹಾಡು.

"ಕೀಪರ್‌ನ ನೋಡ್ಬೇಡ್ರೇ!" ಎಂದು ಗಂಟಲು ಹರಿದುಕೊಂಡೆ. "ಕಣ್ಣು ಹೋದ ಕಡೆ ಕಾಲು ಹೋಗತ್ತೆ. ಅವಳಿರೋ ಜಾಗ ನೋಡಿದ್ರೆ ಅಲ್ಲಿಗೇ ಹೊಡೀತೀರಿ. ಅವಳು ಇಲ್ಲದ ಜಾಗ ನೋಡಿ!"

ಆಗ ಚೂಟಿ ತಲೆ ಎತ್ತಿ ನನ್ನನ್ನು ನೋಡಿದಳು. ಚೂಟಿ ಎಂದರೆ ನನ್ನ ಅಕ್ಕನ ಮಗಳು. ತಂಡದ ಮುಂಚೂಣಿಯಲ್ಲಿ ಆಡುವವಳು, ಚೆಂಡು ಕಾಲಿಗೆ ಬಂದರೆ ಪಾದರಸ. ಏನೋ ಕೇಳಲು ಬಾಯಿ ತೆರೆದಳು, ಕೇಳಲಿಲ್ಲ.

ಅಕ್ಕನ ವಿಷಯ ಈಗ ಹೇಳಿಬಿಡಬೇಕು. ತಂಡದವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ತಪಾಸಣೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು, ಮೈದಾನದಲ್ಲಿ ಗೋಲು ಕಾಯುತ್ತಿದ್ದಳು. ಕೂದಲೆಳೆಯಷ್ಟು ಬಿರುಕನ್ನು ಹಿಡಿಯುವ ಕಣ್ಣಿಗೆ ಚೆಂಡು ಎಂಬುದು ಕುಂಬಳಕಾಯಿ ಬಂದ ಹಾಗೆ ಕಾಣುತ್ತಿತ್ತಂತೆ. ಅವಳದೊಂದು ಹಟ ಇತ್ತು. ಸಂಜೆಯ ಅಭ್ಯಾಸ ಎಷ್ಟೇ ಹೊತ್ತಾಗಲಿ, ಕೊನೆಯ ಚೆಂಡನ್ನು ತಾನು ಹಿಡಿಯಬೇಕು. ಹಿಡಿಯುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಗೋಲಾದರೆ ಇನ್ನೊಂದು ಹೊಡೆಯಬೇಕು, ಅದೂ ಗೋಲಾದರೆ ಮತ್ತೊಂದು. ಮಕ್ಕಳು ಮರಿ ಇರುವ ಹೆಂಗಸರು, ಒಲೆಯ ಮೇಲೆ ಏನೋ ಇಟ್ಟು ಬಂದವರು. ಬೇಗ ಮನೆ ಸೇರಲು ಎಲ್ಲರೂ ಕೊನೆಯ ಚೆಂಡನ್ನು ನೇರ ಅವಳ ಕೈಗೇ ಹೊಡೆಯತೊಡಗಿದರು. ಅವಳು ಅದನ್ನು ಎದೆಗೆ ಅವುಚಿಕೊಂಡು, "ನಂದು! ಈಗ ಹೊರಡಿ ಎಲ್ಲ" ಎನ್ನುತ್ತಿದ್ದಳು. ಆ ಮಾತು ಕೇಳದೆ ನಮಗೆ ದಿನ ಮುಗಿಯುತ್ತಿರಲಿಲ್ಲ.

ಈ ಪಂದ್ಯಗಳ ಹಿಂದಿನ ವರ್ಷ ಅವಳಿಗೊಂದು ಜ್ವರ ಬಂತು. ಔಷಧ ಬದಲಾಯಿಸುವಷ್ಟರಲ್ಲಿ ಅವಳು ಇರಲಿಲ್ಲ. ಚೂಟಿ ಅಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಬೂಟು ಹಾಕಿಕೊಂಡು ಮೈದಾನಕ್ಕೆ ಬಂದಳು.

ಹೊಸ ಕೀಪರ್ ಎಂದು ಏಣಿಯನ್ನು ನಿಲ್ಲಿಸಿದೆ. ಕುಲುಮೆ ವಿಭಾಗದ ಹುಡುಗಿ, ಕೈ ಎತ್ತಿದರೆ ಗೋಲಿನ ಅಡ್ಡಪಟ್ಟಿ ಸಿಗುತ್ತದೆ, ಅದಕ್ಕೇ ಆ ಹೆಸರು. ಎಲ್ಲ ಚೆಂಡನ್ನೂ ಹಿಡಿದಳು. ಕೊನೆಯದು ಬಂದಾಗ ಗೋಲು ಬಿಟ್ಟು ಆಚೆ ಬಂದು ನಿಂತಳು. "ದೊಡ್ಡಕ್ಕನ ಚೆಂಡು ನಾನು ಹಿಡಿಯೋದಾ? ನನ್ ಕೈಲಿ ಆಗಲ್ಲಪ್ಪ" ಎಂದಳು. ಹಾಗಂತ ಯಾರೂ ಮನೆಗೆ ಹೊರಡಲಿಲ್ಲ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಪ್ಯಾಕಿಂಗ್ ವಿಭಾಗದವರು. ಬಾಟಲಿಗಳ ನಡುವೆ ತುರುಕುವ ಒಣಹುಲ್ಲನ್ನು ಗೋಣಿತಟ್ಟಿನೊಳಗೆ ತುಂಬಿ ಅವರು ಕೈಕಾಲಿರುವ ಒಂದು ಬೊಂಬೆ ಮಾಡಿದರು. ಕಬ್ಬಿಣದ ಕೊಳವೆಗೆ ಸಿಕ್ಕಿಸಿ ನಿಲ್ಲಿಸಿ, ಅಕ್ಕನ ಹಳದಿ ಜೆರ್ಸಿ ತೊಡಿಸಿ, ಅವಳ ಕೈಗವಸಿಗೂ ಹುಲ್ಲು ತುಂಬಿ, ಒಳಗೆ ತಂತಿ ಹಾಕಿ ಎರಡೂ ಕೈ ಮುಂದಕ್ಕೆ ಬಾಗಿಸಿದರು. ಮುಖ ಬರೆಯಲಿಲ್ಲ. "ಮುಖ ಬೇಡ ಕಣಮ್ಮ, ಬರೆದ್ರೆ ಅವಳ ಥರ ಇರಲ್ಲ" ಎಂದರು. ಅಂದಿನಿಂದ ಅಭ್ಯಾಸದ ಕೊನೆಗೆ ಬೊಂಬೆಯನ್ನು ಗೋಲಿನಲ್ಲಿ ನಿಲ್ಲಿಸುವುದು, ಒಬ್ಬೊಬ್ಬರಾಗಿ ಕೊನೆಯ ಚೆಂಡನ್ನು ಅದರ ಕೈಗೆ ಹೊಡೆದು ಹೊರಡುವುದು ಪದ್ಧತಿಯಾಯಿತು. ಎಷ್ಟೇ ಬಿರುಸಾಗಿ ಹೊಡೆದರೂ ಚೆಂಡು ಅಲ್ಲೇ ನಿಲ್ಲುತ್ತಿತ್ತು.

ನನಗೆ ಬಿರುಕು ಕಂಡಿದ್ದು ಆ ಅಳುವ ಹುಡುಗಿಯ ಪಂದ್ಯ ಆದ ಮಾರನೆಯ ಸಂಜೆ. ಬೇಲಿಗೆ ಒರಗಿ ನೋಡುತ್ತಿದ್ದೆ. ಅಷ್ಟು ಹೊತ್ತು ಮೂಲೆಯ ಕ್ರೇಟುಗಳನ್ನು ಪುಡಿ ಮಾಡಿದ ಕಾಲುಗಳೇ ಕೊನೆಗೆ ಸಾಲಾಗಿ ಬಂದು ಬೊಂಬೆಯ ಎದೆಗೆ ಚೆಂಡು ಒಪ್ಪಿಸುತ್ತಿದ್ದವು. ಮೈ ಸುಸ್ತಾದಾಗ, ಮನಸ್ಸು ಮನೆಯ ಕಡೆ ತಿರುಗಿದಾಗ, ದಿನವೂ ಕಾಲು ಕಲಿಯುವ ಕಟ್ಟಕಡೆಯ ಪಾಠ ಅದು. ಚೆಂಡು ಕೀಪರ್‌ನ ಕೈ ಸೇರಿದರೆ ಬಿಡುಗಡೆ. ಪಂದ್ಯದಲ್ಲಿ ಎದೆ ಹೊಡೆದುಕೊಳ್ಳುವ ಗಳಿಗೆಯಲ್ಲಿ ಕಾಲಿಗೆ ನೆನಪಾಗುವುದು ಅದಲ್ಲದೆ ಇನ್ನೇನು?

ನನಗೆ ಕುಣಿಯುವಷ್ಟು ಸಂತೋಷವಾಯಿತು. ಎಲ್ಲರನ್ನೂ ಕರೆದು ಹೇಳಿದೆ. "ಇವತ್ತಿಂದ ಕೊನೇ ಚೆಂಡು ಗೋಲಾಗ್ಬೇಕು. ಬೊಂಬೆ ನಿಲ್ಲಲಿ, ಪರವಾಗಿಲ್ಲ. ಅದನ್ನ ತಪ್ಪಿಸಿ ಮೂಲೆಗೆ ಹೊಡೆದು ಮನೆಗೆ ಹೋಗಿ."

ಗೋಡೆಗೆ ಹೇಳಿದ ಹಾಗಾಯಿತು. ಒಬ್ಬಳು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಏಣಿ ಆಕಾಶ ನೋಡಿದಳು. ಮಾತಾಡಿದವಳು ಚೂಟಿ.

"ಅಮ್ಮನ ಮೇಲೆ ಗೋಲು ಹೊಡೆದು ಮನೆಗೆ ಹೋಗ್ಲಾ ಚಿಕ್ಕಮ್ಮ?"

"ಅದು ಅಮ್ಮ ಅಲ್ವೇ, ಹುಲ್ಲು!"

"ಹುಲ್ಲಾಗಿದ್ರೆ ಚೆಂಡು ಪುಟೀಬೇಕಿತ್ತು. ಒಂದು ಸಲಾನಾದ್ರೂ ಪುಟಿದಿದ್ದು ನೋಡಿದೀಯಾ? ಅಮ್ಮ ಹಿಡೀತಾಳೆ. ಇಲ್ಲೂ ಹಿಡೀತಾಳೆ, ಪಂದ್ಯದಲ್ಲೂ ಹಿಡೀತಾಳೆ. ಅವಳು ಇಲ್ಲದ ಜಾಗ ನೋಡು ಅಂತೀಯ. ಎಲ್ಲಿದೆ ಆ ಜಾಗ? ನೀನೇ ತೋರ್ಸು."

ಸಿಟ್ಟು ನೆತ್ತಿಗೇರಿತು. "ತೋರಿಸ್ತೀನಿ, ಕಣ್ಣರಳಿಸಿ ನೋಡ್ಕೋ" ಎಂದು ಚೆಂಡನ್ನು ಕಾಲಿಗೆ ಎಳೆದುಕೊಂಡೆ. ವಯಸ್ಸಾಗಿದೆ, ಸೊಂಟ ಹಿಡಿಯುತ್ತದೆ, ಆದರೂ ಅಷ್ಟು ಹತ್ತಿರದಿಂದ ನಿಂತ ಚೆಂಡನ್ನು ಮೂಲೆಗೆ ಕಳಿಸಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ತಲೆ ಎತ್ತಿದೆ. ಎಡಗಡೆಯ ಕೆಳಮೂಲೆ ನೋಡಿದೆ. ಬಿಳಿ ಕಂಬ, ಬಲೆ, ನಡುವಿನ ಖಾಲಿ ಜಾಗ. ಆ ಖಾಲಿಯಲ್ಲಿ ಎರಡು ಕೈಗವಸುಗಳು ನನಗಾಗಿ ಕಾದಿದ್ದವು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು. ಬೆರಳು ತುಸು ಅಗಲಿಸಿ, ಎಡಗೈಯ ಕಿರುಬೆರಳು ಮಾತ್ರ ಒಳಕ್ಕೆ ಮಡಚಿಕೊಂಡು. ಅಕ್ಕನ ಕಿರುಬೆರಳು ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಹಾಗೆ ಸೊಟ್ಟಗಾಗಿತ್ತು. ಅಷ್ಟರಲ್ಲಿ ನನ್ನ ಕಾಲು ಹೊಡೆದಾಗಿತ್ತು.

ಮತ್ತೆ ನೋಡಿದರೆ ಚೆಂಡು ಗೋಲಿನ ನಡುವೆ ಬೊಂಬೆಯ ತೋಳಿನಲ್ಲಿತ್ತು. ನಾನು ಹೊಡೆದಿದ್ದು ಎಡಕ್ಕೆ. ಅದು ನನಗೆ ಗೊತ್ತು, ನನ್ನ ಸೊಂಟಕ್ಕೆ ಗೊತ್ತು. ಹುಡುಗಿಯರು ಏನೂ ಆಗದವರಂತೆ ಚೀಲ ಹೆಗಲಿಗೇರಿಸಿ ಹೊರಟರು. ಕೊನೆಯ ಚೆಂಡು ಸೇರಬೇಕಾದವಳನ್ನು ಸೇರಿತ್ತಲ್ಲ.

ಮರುದಿನ ಪ್ಯಾಕಿಂಗ್ ವಿಭಾಗಕ್ಕೆ ಹೋಗಿ ಭಾವನನ್ನು ಕರೆದುಕೊಂಡು ಬಂದೆ. ಬೊಂಬೆಯನ್ನು ಬಿಚ್ಚಿ ಹುಲ್ಲು ಬೇರೆ, ಬಟ್ಟೆ ಬೇರೆ ಮಾಡಿಬಿಡೋಣ ಎಂದೆ. ಮೊದಲು ಕೊಳವೆಯಿಂದ ಎತ್ತಿ ಇಳಿಸಬೇಕಿತ್ತು. ದಿನವೂ ಹುಡುಗಿಯರು ಕಂಕುಳಲ್ಲಿ ಎತ್ತಿಕೊಂಡು ಓಡಾಡುವ ಬೊಂಬೆ ಅದು. ನಾವಿಬ್ಬರೂ ಎರಡು ಕಡೆ ಹಿಡಿದು ಎತ್ತಿದೆವು. ಅಲುಗಲಿಲ್ಲ. ಹಲ್ಲು ಕಚ್ಚಿ ಮತ್ತೊಮ್ಮೆ ಎತ್ತಿದೆವು. ಮಲಗಿರುವ ದೊಡ್ಡ ಮನುಷ್ಯರನ್ನು ಎತ್ತುವಾಗ ಮೈ ಜಗ್ಗುತ್ತದಲ್ಲ, ಹಾಗೆ ಜಗ್ಗಿತು.

"ಹುಲ್ಲು ನೀರು ಕುಡಿದಿರ್ಬೇಕು" ಎಂದರು ಭಾವ.

"ಮಳೆ ಎಲ್ಲಿ ಬಂದಿದೆ ಭಾವ?"

ಅವರು ಜೆರ್ಸಿಯ ಕಾಲರನ್ನು ಸರಿಮಾಡಿದರು. ಹೆಂಡತಿಯ ಹೆಗಲ ಮೇಲಿನ ಕೂದಲು ತೆಗೆಯುವ ಗಂಡಸರನ್ನು ನೋಡಿದ್ದೇನೆ, ಅದೇ ಕೈ. "ಇರ್ಲಿ ಬಿಡಮ್ಮ" ಎಂದರು. "ಕೆಲ್ಸ ಬಿಟ್ಟು ಬರೋ ಹೊತ್ತಿಗೆ ನಾನೂ ಈ ಕಡೆಯಿಂದಾನೇ ಹೋಗ್ತೀನಿ. ಇದ್ದಾಳೆ ಅನ್ಸತ್ತೆ." ನನಗೆ ಭಯವಾಯಿತು. ಅದರ ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಅವಳು ನನಗೂ ಅಕ್ಕನೇ ಅಲ್ಲವೇ, ನನಗೆ ಮಾತ್ರ ಯಾಕೆ ಬರೀ ಭಯ?

ಆ ವಾರವೇ ಮ್ಯಾನೇಜರ್ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಕೂರಿಸಿ ಚಹಾ ಕೊಟ್ಟು ಕಿಟಕಿಯಿಂದ ಮೈದಾನ ತೋರಿಸಿದರು. ಹೊಸ ಕುಲುಮೆ ಬರುತ್ತಿದೆ, ಕ್ರೇಟು ಪೇರಿಸಲು ಜಾಗ ಸಾಲದು.

"ನೋಡಿಮ್ಮ, ಲೀಗಿನಲ್ಲಿ ಆಡೋ ತಂಡ ಅಂತಿದ್ರೆ ಮೈದಾನ ಇರ್ಬೇಕಾಗತ್ತೆ, ನಾನೂ ಮೇಲಿನವರಿಗೆ ಹೇಳ್ಬೋದು. ಕೊನೇ ಪಂದ್ಯ ಗೆದ್ರೆ ಲೀಗಿನಲ್ಲಿ ಉಳ್ಕೋತೀರಿ. ಸೋತ್ರೂ, ಡ್ರಾ ಆದ್ರೂ ತಂಡ ಹೊರಗೆ. ಆಮೇಲೆ ಆ ಕಂಬ ಕಿತ್ತು ಕ್ರೇಟು ಪೇರಿಸ್ತಾರೆ. ನನ್ನ ಕೈಲಿ ಏನೂ ಇರಲ್ಲ."

"ಗೆಲ್ತೀವಿ ಸಾರ್" ಎಂದೆ.

"ಈ ವರ್ಷ ಒಂದು ಗೋಲಾದ್ರೂ ಆಗಿದ್ಯಾ?" ಎಂದು ಕೇಳಿದರು. ವ್ಯಂಗ್ಯವಾಗಿ ಅಲ್ಲ, ಪಾಪ, ನಿಜವಾಗಿ ನೆನಪಿಲ್ಲದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಪಂದ್ಯ ನಮ್ಮ ಮೈದಾನದಲ್ಲೇ, ಮಧ್ಯಾಹ್ನದ ಹೊತ್ತು. ಹಿಂದಿನ ಸಂಜೆ ಗೋಲಿನಲ್ಲಿ ಬಿಟ್ಟಿದ್ದ ಬೊಂಬೆಯನ್ನು ತೆಗೆದು ಸಾಮಾನು ಕೋಣೆಗೆ ಒಯ್ಯಬೇಕಿತ್ತು. ಏಣಿ ಎತ್ತಲು ಹೋದಳು, ಆಗಲಿಲ್ಲ. ಮತ್ತಿಬ್ಬರು ಸೇರಿದರು, ಆಗಲಿಲ್ಲ. ಎದುರು ತಂಡದವರು ನಗಲು ಶುರುಮಾಡಿದರು, ರೆಫರಿ ಗಡಿಯಾರ ನೋಡಿಕೊಂಡ. ಆಗ ಚೂಟಿ ಎಲ್ಲರನ್ನೂ ಸರಿಸಿ ಬಂದು, ಮುಖವಿಲ್ಲದ ಆ ತಲೆಯ ಹತ್ತಿರ ಬಾಗಿ ಏನೋ ಹೇಳಿದಳು. ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲಿನ ಕೆಳಗೆ ಹಾಕಿ ಎತ್ತಿಕೊಂಡು ನಡೆದೇಬಿಟ್ಟಳು. ಭಾರ ಇದ್ದ ಹಾಗೂ ಕಾಣಲಿಲ್ಲ. ಹಳದಿ ತೋಳೊಂದು ಅವಳ ಕುತ್ತಿಗೆಯ ಸುತ್ತ ಬಿದ್ದಿತ್ತು.

ಆಟದ ಮೊದಲರ್ಧ ಹೇಳುವುದಕ್ಕೇನಿಲ್ಲ, ಅದೇ ಕಥೆ. ನಮ್ಮವರು ನುಗ್ಗಿದರು, ಹೊಡೆದರು, ಎಲ್ಲವೂ ಎದುರಿನ ಕೀಪರ್‌ನ ಕೈಗೆ ಹೋಗಿ ಬಿತ್ತು. ಆಕೆ ಗಟ್ಟಿಮುಟ್ಟಾದ ಹೆಂಗಸು, ಮೊದಮೊದಲು ಬೀಗುತ್ತಿದ್ದಳು. ಆಮೇಲೆ ಒಂದು ಸಲ ಬೇಕೆಂದೇ ಕೈ ಹಿಂದಕ್ಕೆ ಎಳೆದುಕೊಂಡಳು, ನಾನು ನೋಡಿದೆ. ಕೈಗಳು ಅವಳ ಮಾತು ಕೇಳದೆ ಮುಂದಕ್ಕೆ ಬಂದು ಚೆಂಡನ್ನು ಎದೆಗೆ ಅವುಚಿಕೊಂಡವು. ಏಣಿ ನಮ್ಮ ಗೋಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದಿದ್ದರಿಂದ ಎರಡೂ ಕಡೆ ಸೊನ್ನೆ.

ವಿರಾಮದಲ್ಲಿ ಚೂಟಿಯನ್ನು ಪಕ್ಕಕ್ಕೆ ಕರೆದೆ. ಬಯ್ಯಲು ಬಾಯಿ ಬರಲಿಲ್ಲ.

"ಇವತ್ತು ಗೋಲಾಗ್ಲಿಲ್ಲ ಅಂದ್ರೆ ಈ ಕಂಬ ಕಿತ್ತಾಕ್ತಾರೆ ಮರಿ. ಮೈದಾನಾನೇ ಇರಲ್ಲ. ಆಮೇಲೆ ಅವಳು ಎಲ್ಲಿ ನಿಲ್ತಾಳೆ?"

ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಳು. "ಗೋಲಾದ್ರೆ ನಿಲ್ತಾಳಾ?" ಎಂದು ಕೇಳಿದಳು.

"ನಿಲ್ತಾಳೆ" ಎಂದೆ.

ನನಗೇನು ಗೊತ್ತಿತ್ತು? ಏನೂ ಗೊತ್ತಿರಲಿಲ್ಲ. ಗೋಲು ಬೇಕಿತ್ತು, ಹೇಳಿದೆ. ಅವಳು ನನ್ನ ಮುಖವನ್ನು ನಾವು ಬಾಟಲಿ ನೋಡುವ ಹಾಗೆ ನೋಡಿದಳು. ತೊಟ್ಟಿಗೆ ಒಗೆಯದೆ ಒಪ್ಪಿಕೊಂಡು ಎದ್ದುಹೋದಳು.

ಆ ಅವಕಾಶ ಬಂದಿದ್ದು ಆಟ ಮುಗಿಯುವ ಹೊತ್ತಿಗೆ. ಏಣಿ ಎತ್ತಿ ಒದ್ದ ಚೆಂಡು ಅವರ ಹಿಂಬದಿಯವರನ್ನೆಲ್ಲ ದಾಟಿ ಬಿತ್ತು, ಚೂಟಿ ಅದನ್ನು ಕಾಲಲ್ಲಿ ಎತ್ತಿಕೊಂಡು ಓಡಿದಳು. ಎದುರಿಗೆ ಕೀಪರ್ ಒಬ್ಬಳೇ. ನಾನು ಗೆರೆಯ ಪಕ್ಕದಲ್ಲೇ ಓಡುತ್ತಿದ್ದೆ, ಸೊಂಟ ಮರೆತು. ಎಲ್ಲರೂ "ಹೊಡಿ! ಹೊಡಿ!" ಎಂದು ಕಿರುಚಿದರು. ಅವಳು ಹೊಡೆಯಲಿಲ್ಲ. ಚೆಂಡನ್ನು ಅಂಗಾಲಿನ ಕೆಳಗೆ ನಿಲ್ಲಿಸಿ, ತಾನೂ ನಿಂತಳು. ವಿಚಿತ್ರವೆಂದರೆ ಕೀಪರ್ ಮುಂದೆ ನುಗ್ಗಲಿಲ್ಲ. ಎರಡು ಕೈಯನ್ನೂ ಮುಂದಕ್ಕೆ ಚಾಚಿ, ಕಣ್ಣು ಅಗಲಿಸಿ, ನೆಟ್ಟ ಕಂಬದ ಹಾಗೆ ನಿಂತಿದ್ದಳು. ಅವಳ ಎಡಗೈಯ ಕಿರುಬೆರಳು ಒಳಕ್ಕೆ ಮಡಚಿಕೊಂಡಿತ್ತು.

ಚೂಟಿ ಆ ಕೈಗಳನ್ನು ನೋಡಿದಳು. ನಾನು ಕೇಳುವಷ್ಟು ಹತ್ತಿರ ಇದ್ದೆ.

"ಅಮ್ಮ, ಇದೊಂದನ್ನ ಬಿಟ್ಬಿಡು" ಎಂದಳು. ಅಂಗಡಿಯ ಮುಂದೆ ನಿಂತು ಚಿಕ್ಕ ಮಕ್ಕಳು ಏನನ್ನೋ ಕೇಳುವ ದನಿ. ಆಮೇಲೆ ಹೊಡೆದಳು.

ಬಿರುಸಾದ ಹೊಡೆತವೇನಲ್ಲ. ಹುಲ್ಲಿನ ಮೇಲೆ ಉರುಳಿಕೊಂಡು ಹೋಯಿತು, ಕೀಪರ್‌ನ ಪಕ್ಕದಲ್ಲೇ, ಕೈ ಇಳಿಸಿದ್ದರೆ ಸಿಗುವಷ್ಟು ದೂರದಲ್ಲಿ. ಆ ಕೈಗಳು ನಡುಗಿದವು. ಚೆಂಡು ಗೆರೆ ದಾಟಿ ಬಲೆಗೆ ತಾಗಿ ನಿಂತಿತು. ಕೀಪರ್ ಕೂಡಲೇ ಎರಡೂ ಕೈ ಕೊಡವಿಕೊಂಡು, ಯಾರೋ ಇಷ್ಟು ಹೊತ್ತು ಹಿಡಿದಿದ್ದವರು ಬಿಟ್ಟಂತೆ ಮುಗ್ಗರಿಸಿ, ನೆಲಕ್ಕೆ ಕುಸಿದು ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು.

ಸ್ವಲ್ಪ ಹೊತ್ತಿಗೆ ರೆಫರಿ ಕೊನೆಯ ಸೀಟಿ ಊದಿದ. ನಮ್ಮವರು ಕೂಗಿದರು, ಬಿದ್ದರು, ಒಬ್ಬರನ್ನೊಬ್ಬರು ಎತ್ತಿದರು. ಮ್ಯಾನೇಜರ್ ಬೇಲಿಯ ಆಚೆಯಿಂದ ಟೋಪಿ ಎತ್ತಿ ಬೀಸಿದರು. ನಾನು ಯಾರದೋ ಹೆಗಲಿಗೆ ತಲೆ ಇಟ್ಟು ನಾಚಿಕೆ ಬಿಟ್ಟು ಅತ್ತೆ. ಇಡೀ ವರ್ಷ ಒಡಕು ಹುಡುಕಿದವಳಿಗೆ ಒಂದು ಇಡಿಯಾದ ಬಾಟಲಿ ಸಿಕ್ಕಿತ್ತು. ಮೈದಾನ ಉಳಿಯಿತು, ಕಂಬ ಉಳಿಯಿತು. ಅವಳಿಗೆ ನಿಲ್ಲಲು ಜಾಗ ಉಳಿಯಿತು ಎಂದುಕೊಂಡೆ.

ಚೂಟಿ ಕುಣಿಯುವವರ ಗುಂಪಿನಲ್ಲಿರಲಿಲ್ಲ. ಸಾಮಾನು ಕೋಣೆಗೆ ಹೋಗಿದ್ದಳು. ಎದುರು ತಂಡದ ಬಸ್ಸು ಹೊರಟು, ಜನ ಕರಗಿ, ಬಿಸಿಲು ಇಳಿಯುವ ಹೊತ್ತಿಗೆ ಬೊಂಬೆಯನ್ನು ತೆಗೆದುಕೊಂಡು ಹೊರಗೆ ಬಂದಳು. ಒಂದೇ ಕೈಯಲ್ಲಿ. ಜೆರ್ಸಿಯ ಕಾಲರಿಗೆ ಎರಡು ಬೆರಳು ಸಿಕ್ಕಿಸಿ, ಒಗೆಯುವ ಬಟ್ಟೆ ತರುವ ಹಾಗೆ. ಹೊಲಿಗೆ ಬಿಟ್ಟ ಕಡೆಯಿಂದ ಹುಲ್ಲು ಉದುರುತ್ತ ಅವಳು ನಡೆದ ದಾರಿಯುದ್ದಕ್ಕೂ ಬಿತ್ತು. ನಗುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಗೋಲಿನ ಕಡೆ ತಿರುಗಿದರು.

ಕೊಳವೆಗೆ ಸಿಕ್ಕಿಸಿ ನಿಲ್ಲಿಸಿದಳು. ತೋಳು ಬಾಗಿಸಿ ಸರಿಮಾಡಿದಳು. ಹಿಂದಕ್ಕೆ ಬಂದು ಚೆಂಡು ಇಟ್ಟು, ನೇರ ಎದೆಗೆ, ದಿನವೂ ಹೊಡೆಯುವ ಹಾಗೇ ಹೊಡೆದಳು.

ಚೆಂಡು ಡಬ್ ಎಂದು ಬಡಿದು ಹಿಂದಕ್ಕೆ ಪುಟಿಯಿತು. ಅವಳ ಕಾಲಿನ ಹತ್ತಿರವೇ ಉರುಳಿ ಬಂದು ನಿಂತಿತು.

ಮತ್ತೆ ಹೊಡೆದಳು. ಮತ್ತೆ ಪುಟಿಯಿತು. ಏಣಿ ಬಂದು ಹೊಡೆದಳು. ಉಳಿದವರೂ ಬಂದರು. ಮೆಲ್ಲಗೆ ಹೊಡೆದರು, ಎತ್ತಿ ಹೊಡೆದರು, ಕೈಗೆ ನೇರ ಹೋಗಿ ಕೂರುವಂತೆ ಹೊಡೆದರು. ಬೊಂಬೆ ಪ್ರತಿ ಪೆಟ್ಟಿಗೂ ವಾಲಿ, ಹುಲ್ಲು ಉದುರಿಸಿ, ಚೆಂಡನ್ನು ಹಿಂದಕ್ಕೆ ಕಳಿಸಿತು. ಕೆಲಸ ಬಿಟ್ಟು ಬಂದ ಭಾವ ಬೇಲಿಯ ಹತ್ತಿರ ನಿಂತಿದ್ದರು. ಸ್ವಲ್ಪ ಹೊತ್ತು ನೋಡಿ, ಟಿಫನ್ ಡಬ್ಬಿಯನ್ನು ನೆಲಕ್ಕಿಟ್ಟು ಮುಖ ಆ ಕಡೆ ತಿರುಗಿಸಿಕೊಂಡರು.

ಚೂಟಿ ಹುಲ್ಲಿನ ಮೇಲೆ ಕುಕ್ಕರಿಸಿದಳು. ಮಣ್ಣು ಮಾಡಿದ ದಿನ ಬರದ ಅಳು ಆಗ ಬಂತು, ಬಿಕ್ಕಿ ಬಿಕ್ಕಿ, ಮೈಯೆಲ್ಲ ಕುಲುಕಿ. ನಾನು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟೆ.

"ನಿಲ್ತಾಳೆ ಅಂದ್ಯಲ್ಲ ಚಿಕ್ಕಮ್ಮ" ಎಂದಳು.

ನಾನು ಎದ್ದು ಚೆಂಡನ್ನು ಇಟ್ಟುಕೊಂಡೆ. ಅಕ್ಕ, ಇದೊಂದನ್ನು ಹಿಡಿ ಎಂದು ಮನಸ್ಸಿನಲ್ಲಿ ಬೇಡಿಕೊಂಡು, ನನ್ನ ಜೀವಮಾನದಲ್ಲಿ ಯಾವ ಗೋಲಿಗೂ ಇಟ್ಟಿರದ ಗುರಿಯಿಟ್ಟು ಹೊಡೆದೆ. ಚೆಂಡು ಎದೆಗೆ ಬಡಿದು ವಾಪಸು ಬಂತು.

ಕೊನೆಯ ಚೆಂಡನ್ನು ದೊಡ್ಡಕ್ಕ ಹಿಡಿಯುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಕತ್ತಲಾಗುತ್ತಿತ್ತು, ಹಳದಿ ಜೆರ್ಸಿ ಮಾತ್ರ ಕಾಣುತ್ತಿತ್ತು. ಏಣಿ ಚೆಂಡು ತಂದು ಮುಂದಿನವಳಿಗೆ ಕೊಟ್ಟಳು. ಯಾರೂ ಹೋಗಲಿಲ್ಲ.